ಮೇಕೆಗಳ ಉಸಿರು

ಹೆಣವನ್ನು ಸ್ಟ್ರೆಚರಿಗೆ ಎತ್ತಲು ಬಗ್ಗಿದ್ದ ಪಕ್ಕದ ಮನೆಯ ಬಡಗಿ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಹೋದ ವಾರ ಆಸ್ಪತ್ರೇಲಿ ಭಾವಂಗೆ ಅದೇನೋ ವಿಕಿರಣದ ಇಂಜೆಕ್ಷನ್ ಕೊಟ್ರಂತಲ್ಲ? ಮೊದಲೇ ಅವರ ಕೆಲಸವೂ ಅಂಥದ್ದೇ... ಮನೇಲಿ ಸಣ್ಣ ಮಕ್ಕಳಿವೆ."

ಅಂಗಳದಲ್ಲಿದ್ದ ಗಂಡಸರು ಮುಖ ಮುಖ ನೋಡಿಕೊಂಡರು. ಆ ಭಯ ಸತ್ತವನ ಹೆಂಡತಿಗೂ ಹೊಸದಲ್ಲ. ಕೆಲಸದಿಂದ ಬಂದವನು ಮೈ ತೊಳೆದುಕೊಳ್ಳುವವರೆಗೂ ಅವಳು ಅವನ ಹತ್ತಿರ ಸುಳಿಯುತ್ತಿರಲಿಲ್ಲ.

*

ಪ್ರಯೋಗಾಲಯದಲ್ಲಿ ಮೇಕೆಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಹೊಸ ಔಷಧಕ್ಕೆ ವಿಕಿರಣ ಸೂಸುವ ಗುರುತು ಸೇರಿಸಿ ಮೇವಿನಲ್ಲಿ ತಿನ್ನಿಸುತ್ತಿದ್ದರು. ಅದು ರಕ್ತಕ್ಕೆಷ್ಟು ಇಳಿಯಿತು, ಯಕೃತ್ತಿನಲ್ಲಿ ಏನಾಗಿ ಮಾರ್ಪಟ್ಟಿತು, ಹಾಲಿಗೆಷ್ಟು ಬಂತು ಎಂದು ಆ ಗುರುತಿನ ಬೆನ್ನು ಹತ್ತಿ ಹುಡುಕುತ್ತಿದ್ದರು. ಕೊನೆಗೆ ಮೇಕೆಯನ್ನು ಕೊಲ್ಲಲೇಬೇಕಾಗುತ್ತಿತ್ತು. ಆ ಗಳಿಗೆಯಲ್ಲಿ ಅದರ ಕತ್ತು ತಬ್ಬಿ ನಿಲ್ಲುತ್ತಿದ್ದವನು ಅವನೇ.

ಆಸ್ಪತ್ರೆಯಲ್ಲಿ, ಕಾಯಿಲೆ ಎಷ್ಟು ಹರಡಿದೆಯೆಂದು ನೋಡುವ ಸ್ಕ್ಯಾನಿಗಾಗಿ ಅವನ ತೋಳಿಗೇ ಸೂಜಿ ಚುಚ್ಚಿದಾಗ ನಕ್ಕುಬಿಟ್ಟಿದ್ದ. "ನೋಡೇ, ಈಗ ನಾನೇ ಮೇಕೆ."

ಆಮೇಲೆ ಕಣ್ಣು ಮುಚ್ಚಿ, ಆ ಔಷಧದ ಜೊತೆ ತಾನೂ ಹೊರಟವನಂತೆ ಅರೆನಿದ್ದೆಯಲ್ಲಿ ಮಾತಾಡಿದ.

"ಭುಜ ದಾಟ್ತು... ಎದೆಗೆ ಬಂತು. ಒಳಗೆ ಎಷ್ಟೊಂದು ದಾರಿಗಳಿವೆ ಕಣೇ! ಎಲ್ಲಾ ಬೆಚ್ಚಗಿದೆ. ಅವಕ್ಕೂ ಹೀಗೇ ಅನ್ನಿಸಿರಬೇಕು, ಪಾಪ. ಸ್ವಲ್ಪ ಹತ್ತಿರ ಬಾ."

ಇವತ್ತೊಂದು ದಿನ ದೂರವಿರಿ ಎಂದು ನರ್ಸ್ ಹೇಳಿದ್ದಳು. ಹೆಂಡತಿ ಬಾಗಿಲಲ್ಲೇ ನಿಂತಳು. ಮಾರನೆಯ ದಿನ ಅವನಿಗೆ ಪ್ರಜ್ಞೆ ತಪ್ಪಿತು. ಮತ್ತೆ ಬರಲಿಲ್ಲ.

*

"ಯಾಕೆ ಎಲ್ಲಾ ಗೋಡೆಗೆ ಅಂಟ್ಕೊಂಡಿದೀರಿ?" ಎನ್ನುತ್ತ ಪ್ರಯೋಗಾಲಯದ ಮೇಡಂ ಒಳಗೆ ಬಂದರು. ಬಡಗಿ ತಡವರಿಸುತ್ತ ಕಾರಣ ಹೇಳಿದ. ಮೇಡಂ ಸೀದಾ ಹೋಗಿ, ಸತ್ತವನ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸವರಿದರು.

"ಆ ಇಂಜೆಕ್ಷನ್ನಿನ ಶಕ್ತಿ ಎರಡು ಮೂರು ದಿನದಲ್ಲೇ ಇಳಿದುಹೋಗತ್ತಪ್ಪಾ. ಕೆಲಸದಲ್ಲೂ ಇವರ ಮೈಗೆ ಏನೂ ಸೇರಿರಲಿಲ್ಲ. ಆಗಾಗ ಪರೀಕ್ಷೆ ಮಾಡ್ತಾನೇ ಇದ್ವಿ."

"ಮೇಕೆಗಳ ಹೊಟ್ಟೆಗೆ ಹೋಗಿದ್ದು?" ಹೆಂಡತಿ ಮೊದಲ ಸಲ ಮಾತಾಡಿದಳು.

"ಬಹುಪಾಲು ಹೊರಗೇ ಹೋಗೋದಮ್ಮಾ. ಸ್ವಲ್ಪ ಉಸಿರಲ್ಲೂ. ಅದನ್ನ ಹಿಡಿಯೋಕೆ ಮೂತಿಗೆ ಮುಖವಾಡ ಹಾಕಿದ್ರೆ ಮೇಕೆ ಬೆದರಿ ಒದ್ದಾಡೋದು. ನಿಮ್ಮನೆಯವರು ಅದರ ಹಣೆಗೆ ಹಣೆ ಆನಿಸಿ ಕೂರೋರು. ಆಮೇಲೆ ಇಬ್ಬರೂ ಒಟ್ಟಿಗೆ ತೂಕಡಿಸೋರು. ಇದರಲ್ಲಿ ಮೇಕೆ ಯಾವುದು ಅಂತ ನಾವು ನಗ್ತಿದ್ವಿ."

ಹೆಂಡತಿಯೂ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು.

ಬಡಗಿ ತಲೆ ತಗ್ಗಿಸಿಕೊಂಡು ಬಂದು ಭುಜದ ಕಡೆ ಹಿಡಿದ. ಉಳಿದವರೂ ಬಂದು, ಹೊರಗೆ ನಿಂತಿದ್ದ ವ್ಯಾನಿಗೆ ಏರಿಸಿದರು. ಹೆಂಡತಿ ಯಾರನ್ನೂ ಕೇಳದೆ ವ್ಯಾನು ಹತ್ತಿ ಅವನ ಪಕ್ಕ ಕುಳಿತಳು. ತಿರುವಿನ ಗುಂಡಿಯಲ್ಲಿ ವ್ಯಾನು ಕುಲುಕಿದಾಗ, ಹಿಂದಿನ ಗಾಜಿನೊಳಗೆ ಎಲ್ಲರಿಗೂ ಕಂಡಿತು: ಪೆಟ್ಟಾದೀತೆಂದು, ಅವನ ತಲೆಗೂ ಸ್ಟ್ರೆಚರಿನ ಕಬ್ಬಿಣಕ್ಕೂ ನಡುವೆ ಅವಳು ಅಂಗೈ ಒಡ್ಡಿದ್ದಳು.