ಹುಳಕ್ಕಿಡುವ ಹೆಸರು

ಇದನ್ನು ಹೇಳಲು ಹೊರಟಿರುವುದೇ ಸ್ವಲ್ಪ ಅಧಿಕಪ್ರಸಂಗ. ಕಡಲಹುಳಗಳ ವಿಷಯ ತಿಳಿದವರು ಬರೆಯಬೇಕಾದದ್ದನ್ನು ಸಂಜೆ ಕಾಲೇಜಿನಲ್ಲಿ ಓದಿದವರು ಬರೆದರೆ ತಪ್ಪುಗಳಾಗುತ್ತವೆ, ಬಲ್ಲವರು ಮನ್ನಿಸಬೇಕು. ಕೇಳಿದ್ದಷ್ಟನ್ನು, ಸಾಧ್ಯವಾದಷ್ಟು ಏನೂ ಸೇರಿಸದೆ, ಹೇಳುತ್ತೇನೆ.

"ಅಂಕಲ್, ಹುಳಕ್ಕೆ ನಿಮ್ಮ ಹೆಸರಿಟ್ಟರೆ ಬೇಜಾರಿಲ್ಲ ತಾನೇ?" ಎಂದು ಜೀವಿತಾ ಕೇಳಿದಾಗ ಏಕನಾಥ ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ ಹಿಡಿದಿದ್ದ. ಮುಚ್ಚುವುದನ್ನು ಮರೆತು ಗುಂಡಿ ಒತ್ತಿದ. ಬೆಳಕು ಕಣ್ಣಿಗೇ ಹೊಡೆಯಿತು.

"ಯಾವ ಹುಳ?"

"ನನ್ನದೇ. ಕಾರವಾರದ ಕೆಸರಿನದು. ಇಲ್ಲೀತನಕ ಯಾರೂ ಅದರ ಬಗ್ಗೆ ಬರೆದಿಲ್ಲ. ಹೊಸ ಜಾತಿ ಅಂದ್ಮೇಲೆ ಹೆಸರು ನಾನೇ ಇಡ್ಬೇಕಲ್ಲ. ಲ್ಯಾಟಿನ್‌ನಲ್ಲಿ ಕೊನೇಗೆ ಒಂದು 'ಇ' ಸೇರಿಸ್ತಾರೆ, ಬಸ್. ಏಕನಾಥಿ."

"ನಿಮ್ಮ ಗೈಡ್ ಹೆಸರಿಡಬಾರದೇನಮ್ಮಾ?"

"ಅವರ ಹೆಸರಲ್ಲಿ ಆಗಲೇ ಎರಡು ಏಡಿ ಇವೆ. ನೂರಾ ನಲವತ್ತು ಹಳೇ ಲೇಖನ ಹುಡುಕಿಕೊಟ್ಟಿದ್ದು ಅವರಾ, ನೀವಾ?"

ಏಕನಾಥ ಮುಖ ತಿರುಗಿಸಿ, ಜೋಡಿಸಿಟ್ಟಿದ್ದ ಚೀಟಿಗಳನ್ನೇ ಮತ್ತೆ ಜೋಡಿಸತೊಡಗಿದ.

ಅದು ದೆಹಲಿಯ ಒಂದು ದೊಡ್ಡ ವಿಜ್ಞಾನ ಗ್ರಂಥಾಲಯದಲ್ಲಿ ಲೇಖನಗಳ ಪ್ರತಿ ತೆಗೆದುಕೊಡುವ ವಿಭಾಗ. ದೇಶದ ಯಾವ ಮೂಲೆಯ ಸಂಶೋಧಕರಿಗೆ ಯಾವ ಲೇಖನ ಬೇಕಾದರೂ ಚೀಟಿ ಇಲ್ಲಿಗೆ ಬರುತ್ತಿತ್ತು. ಏಕನಾಥ ಸಂಪುಟ ಹುಡುಕಿ, ಪ್ರತಿ ತೆಗೆದು, ಅಂಚೆಗೆ ಹಾಕುತ್ತಿದ್ದ. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಕೊಚ್ಚಿಯವರಿಗೆ ಮೀನಿನ ಕಿವಿಯ ಮೂಳೆ, ಪಟ್ನಾದವರಿಗೆ ಕಾಲಾ ಆಜಾರ್ ಜ್ವರ, ಇನ್ಯಾರಿಗೋ ಬಾವಿನೀರಿನ ಆರ್ಸೆನಿಕ್. ಅಂಚೆಗೆ ಹಾಕುವ ಮೊದಲು ಎಲ್ಲವನ್ನೂ ಒಮ್ಮೆ ಓದುತ್ತಿದ್ದ. ಅರ್ಧ ಅರ್ಥವಾಗುತ್ತಿತ್ತು. ಕೊನೆಯಲ್ಲಿ ಲೇಖಕರು ಕೃತಜ್ಞತೆ ಹೇಳುವ ನಾಲ್ಕು ಸಾಲನ್ನು ಮಾತ್ರ ಎರಡು ಸಲ ಓದುತ್ತಿದ್ದ. ದೋಣಿ ನಡೆಸಿದವರು, ಸೂಕ್ಷ್ಮದರ್ಶಕ ಕೊಟ್ಟವರು, ಹೆಂಡತಿ, ಎಲ್ಲರೂ ಇರುತ್ತಿದ್ದರು. ಪ್ರತಿ ತೆಗೆದವರ ಹೆಸರು ಎಲ್ಲೂ ಇರುತ್ತಿರಲಿಲ್ಲ. ಇರಬೇಕೆಂದು ಅವನೇನೂ ಯಾರ ಬಳಿಯೂ ಹೇಳಿದವನಲ್ಲ.

ಜೀವಿತಾ ಕೊಡಗಿನ ಸುಬೇದಾರರೊಬ್ಬರ ಮಗಳು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕಡಲಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಕಂಟೋನ್ಮೆಂಟುಗಳಲ್ಲಿ. ಕೌಂಟರಿನಲ್ಲಿ ಕನ್ನಡ ಸಿಗುತ್ತದೆಂದು ಗೊತ್ತಾದ ಮೇಲೆ ಅಂಚೆ ಬಿಟ್ಟು ಬಸ್ಸು ಹಿಡಿದು ತಾನೇ ಬರುತ್ತಿದ್ದಳು.

ಲಕ್ಷ್ಮೀ ನಗರದ ಬಾಡಿಗೆ ಮನೆಯ ಮಹಡಿಯಲ್ಲಿ, ಜನವರಿಯ ಬಿಸಿಲಿಗೆ ಬೆನ್ನು ಕೊಟ್ಟು ಸೀತಮ್ಮ ಬಟಾಣಿ ಸುಲಿಯುತ್ತಿದ್ದಳು. ಗಂಡ ಹೇಳಿದ್ದನ್ನು ಕೇಳಿ ಕೈ ನಿಲ್ಲಿಸಿದಳು.

"ಹುಳಕ್ಕಾ?"

"ಹ್ಞೂಂ. ಎರಡು ಮಿಲಿಮೀಟರ್ ಇರುತ್ತಂತೆ."

"ಕಚ್ಚುತ್ತಾ?"

"ಇಲ್ಲ. ಕೆಸರಲ್ಲಿ ತನ್ನ ಪಾಡಿಗೆ ಇರುತ್ತೆ."

"ಹಾಗಾದ್ರೆ ನಿಮ್ಮ ಹೆಸರೇ ಸರಿ," ಎಂದಳು. ಇನ್ನೆರಡು ಕಾಯಿ ಸುಲಿದು, "ಪುಸ್ತಕದಲ್ಲಿ ಬರುತ್ತಾ?" ಎಂದು ಕೇಳಿದಳು.

"ಬರುತ್ತೆ. ಒಂದು ಸಲ ಬಂದರೆ ತೆಗೆಯೋ ಹಾಗಿಲ್ಲ."

ಮರುದಿನ ಊಟದ ಬಿಡುವಿನಲ್ಲಿ ಅವನು ಕಡಲಹುಳಗಳ ದಪ್ಪ ಸೂಚಿಯೊಂದನ್ನು ಕಪಾಟಿನಿಂದ ಇಳಿಸಿದ. ಅಕಾರಾದಿಯಲ್ಲಿ ತನ್ನ ಹೆಸರು ಬರಬೇಕಾದ ಜಾಗ ಹುಡುಕಿದ. ಎರಡು ಸಾಲುಗಳ ನಡುವೆ ಬೆರಳಿಟ್ಟುಕೊಂಡು ಕುಳಿತ. ಯಾರೋ ಬಂದ ಸದ್ದಾಗಿ ಪುಸ್ತಕ ಮುಚ್ಚಿದ. ಮಾರನೆಯ ದಿನವೂ ಇಳಿಸಿದ.

ಫೆಬ್ರವರಿಯ ಒಂದು ಸೋಮವಾರ ನಾಗಪುರದ ಸಾರ್ವಜನಿಕ ಆರೋಗ್ಯ ವಿಭಾಗದವರೊಬ್ಬರ ಚೀಟಿ ಬಂತು. ಬಂದರುಗಳ ಮಲೇರಿಯಾ ಕುರಿತ ೧೯೩೧ರ ವರದಿ ಅವರಿಗೆ ಬೇಕಿತ್ತು. ಯಾರೂ ಮುಟ್ಟದ ಸಂಪುಟ. ಬೆನ್ನಿನ ಚರ್ಮ ಕೈಗೇ ಉದುರಿತು. ರತ್ನಾಗಿರಿ ಬಂದರಿನ ವೈದ್ಯರೊಬ್ಬರು ಸೊಳ್ಳೆ ಮರಿಗಳಿಗಾಗಿ ಕೆಸರು ಸೋಸಿದ ಲೆಕ್ಕ ಅದು. ಕೊನೆಯ ಪುಟ ಯಂತ್ರದ ಮೇಲೆ ಮಗುಚುವಾಗ ಅದರ ಹಿಂಬದಿಯ ಪುಟ ಕಂಡಿತು. ಅದೇ ವೈದ್ಯರ ಇನ್ನೊಂದು ಟಿಪ್ಪಣಿ, ಒಂದೂವರೆ ಪುಟದ್ದು: ಸೊಳ್ಳೆ ಹುಡುಕುವಾಗ ಸಿಕ್ಕಿದ ಒಂದು ಸಣ್ಣ ಹುಳ, ಅದಕ್ಕೆ ಅವರಿಟ್ಟ ಹೆಸರು, ಒಂದು ಚಿತ್ರ. ತಲೆಯ ಹಿಂದೆ ಕವಲೊಡೆದ ಮೂರು ಬಿರುಗೂದಲು.

ಜೀವಿತಾ ತೋರಿಸಿದ್ದ ಫೋಟೋದಲ್ಲೂ ಮೂರೇ ಇದ್ದವು. ಕವಲೊಡೆದವು. ಅದರಿಂದಲೇ ಹೊಸ ಜಾತಿ ಎಂದು ಅವಳು ಹೇಳಿದ್ದಳು. ಯಾರು ಮೊದಲು ಹೆಸರಿಟ್ಟರೋ ಅವರದೇ ಉಳಿಯುತ್ತದೆ, ಆಮೇಲಿನದು ಬಿದ್ದುಹೋಗುತ್ತದೆ, ಅದಕ್ಕೇ ಇಷ್ಟು ಹಳೆಯ ಲೇಖನಗಳು ಬೇಕು ಎಂದು ತಿಳಿಸಿದ್ದವಳೂ ಅವಳೇ.

ಏಕನಾಥ ಆ ಒಂದೂವರೆ ಪುಟವನ್ನೂ ಪ್ರತಿ ತೆಗೆದ. ಮಲೇರಿಯಾ ನಾಗಪುರಕ್ಕೆ ಹೋಯಿತು. ಹುಳ ಮೇಜಿನ ಖಾನೆಗೆ ಹೋಯಿತು. ತಾನು ಓದಿದ್ದು ಸಂಜೆ ಕಾಲೇಜಿನ ಬಿ.ಎ., ಎರಡು ಚಿತ್ರ ಒಂದೇ ಥರ ಕಂಡಮಾತ್ರಕ್ಕೆ ನಾಲ್ಕು ವರ್ಷ ದುಡಿದ ಹುಡುಗಿಯನ್ನು ಹೆದರಿಸುವುದೇ? ಅವಳು ಕೇಳಿದ ಲೇಖನವೂ ಅಲ್ಲ ಇದು. ಕೇಳದ್ದನ್ನು ಕೊಡುವುದು ವಿಭಾಗದ ಕ್ರಮವೂ ಅಲ್ಲ. ಹೀಗೆ ಎರಡು ದಿನ ಕಳೆದ. ಒಂದು ಕಾರಣವನ್ನು ಮಾತ್ರ ತನಗೂ ಹೇಳಿಕೊಳ್ಳಲಿಲ್ಲ.

ಬುಧವಾರ ವಿಭಾಗದ ಫೋನಿಗೆ ಅವಳ ಕರೆ ಬಂತು. "ಅಂಕಲ್, ಶುಕ್ರವಾರ ಲೇಖನ ಪತ್ರಿಕೆಗೆ ಹೋಗ್ತಿದೆ. ಹೊಸದೇನಾದ್ರೂ ಕಣ್ಣಿಗೆ ಬಿತ್ತಾ?"

"ಇಲ್ಲ," ಎಂದ ಏಕನಾಥ.

"ಅಚ್ಛಾ. ಚಲೋ, ಹಾಗಾದ್ರೆ ಏಕನಾಥಿ ಪಕ್ಕಾ."

ಗುರುವಾರ ಅರ್ಧ ದಿನದ ರಜೆ ಬರೆದುಕೊಟ್ಟು ಅವನು ವಿಶ್ವವಿದ್ಯಾಲಯದ ಬಸ್ಸು ಹತ್ತಿದ. ಪ್ರಾಣಿಶಾಸ್ತ್ರ ವಿಭಾಗದ ಒಳಗೆ ಕಾಲಿಡುತ್ತಿದ್ದುದು ಅದೇ ಮೊದಲು. ಹಜಾರದ ಉದ್ದಕ್ಕೂ ಗಾಜಿನ ಜಾಡಿಗಳು, ಫಾರ್ಮಲಿನ್ ವಾಸನೆ. ಜೀವಿತಾ ಸ್ಟೂಲು ಎಳೆದುಕೊಟ್ಟಳು. ಅವನು ಕೂರದೆ ಲಕೋಟೆ ಮುಂದೆ ಹಿಡಿದ.

ಅವಳು ನಿಂತೇ ಓದಿದಳು. ಚಿತ್ರದ ಬಳಿ ಬಂದಾಗ ಕುಳಿತಳು. ಮತ್ತೆ ಮೊದಲಿನಿಂದ ಓದಿದಳು.

"ನಾಲ್ಕು ವರ್ಷ ಹುಡುಕಿದೀನಿ," ಎಂದಳು ಕೊನೆಗೆ. "ಸೊಳ್ಳೆ ಪುಸ್ತಕದಲ್ಲಿ ಯಾರು ನೋಡ್ತಾರೆ ಅಂಕಲ್? ಯಾವತ್ತು ಸಿಕ್ತು?"

"ಸೋಮವಾರ."

"ನಿನ್ನೆ ಫೋನ್ ಮಾಡಿದ್ದೆ."

"ಹೌದು."

"ನಿಮ್ಮ ಹೆಸರು ಹೋಗುತ್ತೆ ಅಂತಾನಾ?"

ಏಕನಾಥ ಹೌದೆಂದು ತಲೆಯಾಡಿಸಿದ. ಪಕ್ಕದ ಕೋಣೆಯಲ್ಲಿ ಯಾರೋ ಸಿಂಕಿನಲ್ಲಿ ಸೀಸೆಗಳನ್ನು ತೊಳೆಯುತ್ತಿದ್ದರು.

"ನನ್ನದೂ ಹೋಗುತ್ತೆ," ಎಂದಳು ಜೀವಿತಾ. "ಹುಳದ ಹೆಸರಿನ ಪಕ್ಕ ಅದನ್ನಿಟ್ಟವರ ಹೆಸರೂ ಬರೀತಾರೆ. ಅಪ್ಪಂಗೆ ಹೇಳಿಬಿಟ್ಟಿದ್ದೆ."

ಅವಳು ಕಾಗದವನ್ನು ದೀಪದ ಕೆಳಗೆ ಹಿಡಿದು ಮತ್ತೆ ನೋಡಿದಳು. "ಡಾಕ್ಟರು ಬಿರುಗೂದಲು ಸರಿಯಾಗಿ ಬಿಡಿಸಿದಾರೆ. ಬಾಲ ಬಿಡಿಸೇ ಇಲ್ಲ. ಎರಡೂ ಹುಳ ಒಂದೇ ಇರಬಹುದು, ಇಲ್ಲದೇನೂ ಇರಬಹುದು. ಅವರ ಹುಳ ಸಿಕ್ಕಿದ್ರೆ ಹೇಳಬಹುದಿತ್ತು. ಎಪ್ಪತ್ತಮೂರು ವರ್ಷ ಆಯ್ತು, ಯಾವ ಸೀಸೆಯಲ್ಲಿ ಒಣಗಿಹೋಗಿದೆಯೋ."

"ನಾನು ಬರ್ತೀನಮ್ಮಾ," ಎಂದ ಏಕನಾಥ.

"ನೋಡಿದೀರಾ ಅದನ್ನ?"

"ಫೋಟೋ ನೋಡಿದ್ದೆನಲ್ಲ."

"ಫೋಟೋ ಅಲ್ಲ." ಅವಳು ಬೀರುವಿನಿಂದ ಗಾಜಿನ ಪಟ್ಟಿಯೊಂದನ್ನು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟಳು, ತಿರುಪು ತಿರುಗಿಸಿದಳು, ಪಕ್ಕಕ್ಕೆ ಸರಿದಳು. ಮುಖ ಇನ್ನೂ ಬಿಗಿದೇ ಇತ್ತು. "ಕನ್ನಡಕ ತೆಗೀರಿ."

ಮೊದಲು ಅವನಿಗೆ ತನ್ನ ರೆಪ್ಪೆಕೂದಲೇ ಕಂಡಿತು. ಆಮೇಲೆ ಬರೀ ಬಿಳುಪು. ಅವಳು ಕೈ ಚಾಚಿ ತಿರುಪನ್ನು ಒಂದಿಷ್ಟೇ ಹಿಂದಕ್ಕೆ ತಿರುಗಿಸಿದಳು. ಬೆಳಕಿನ ನಡುವೆ ಅದು ಬಂತು: ಗಾಜಿನಷ್ಟು ತಿಳಿಯಾದ ಮೈ, ಒಂದರ ಹಿಂದೊಂದು ಉಂಗುರ, ಕತ್ತಿನ ಹತ್ತಿರ ಮೂರು ಗರಿ. ಏಕನಾಥ ಉಸಿರು ಹಿಡಿದು ಬಗ್ಗಿಯೇ ಇದ್ದ. ಜೀವಿತಾ ಸಾಕೇ ಎಂದು ಕೇಳಲಿಲ್ಲ.

ಆ ಶುಕ್ರವಾರ ಅವಳ ಲೇಖನ ಅಂಚೆಗೆ ಹೋಗಲಿಲ್ಲ, ಅಷ್ಟು ಗೊತ್ತು. ಎರಡು ಹುಳಗಳೂ ಒಂದೇ ಎಂದಾಯಿತೋ, ಬೇರೆ ಎಂದಾಯಿತೋ, ಬೇರೆಯಾಗಿದ್ದರೆ ಅವಳು ಆಮೇಲೆ ಯಾರ ಹೆಸರಿಟ್ಟಳೋ, ಅದು ನನಗೆ ತಿಳಿಯದು. ಏಕನಾಥ ಕೇಳಲಿಲ್ಲ.