ತಗ್ಗು ಬಾಗಿಲು

ಶವದ ಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸುವ ಮೊದಲೇ ಕಾಲೇಜಿನ ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಎದುರಿಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು ಮುಚ್ಚಿಕೊಂಡಿತು. ಮತ್ತೆ ತೆರೆಯಿತು.

"ಗಾಳಿಗೆ ಹಾಗಾಗುತ್ತೆ," ಎಂದ ಕಾವಲುಗಾರ. ಅಂಗಳದ ಗಿಡಗಳಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ.

ಮಗಳು ತಲೆ ಎತ್ತಿ ನೋಡಿದಳು. ಕೂದಲು ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಅಮ್ಮ ಲೈಬ್ರರಿಯನ್ ಆಗಿದ್ದ ಜಾಗ ಇದು. ಕಲ್ಲಿನ ಗೋಡೆ, ಕಿರುಗುಟ್ಟುವ ಮರದ ಮೆಟ್ಟಿಲು ಯಾವುದೂ ಉಳಿದಿರಲಿಲ್ಲ. ಈಗ ಉಕ್ಕು, ಗಾಜು, ಕನ್ನಡಿಯಂಥ ನೆಲ. ಲೈಬ್ರರಿ ಇದ್ದಲ್ಲಿ ಕಾಫಿ ಯಂತ್ರ, ಫೋನ್ ಚಾರ್ಜ್ ಮಾಡಿಕೊಳ್ಳುವ ಬೆಂಚುಗಳು.

"ಸೀದಾ ಸ್ಮಶಾನಕ್ಕೆ ಹೋಗೋಣ ಅಂದ್ರೆ ಕೇಳ್ಲಿಲ್ಲ ನೀನು," ಸೋದರಮಾವ ಗೊಣಗಿದ. "ನನ್ನ ಲೈಬ್ರರಿ ಬಾಗಿಲಿಂದ ದಾಟಿಸ್ಕೊಂಡು ಹೋಗಿ ಅಂದ್ಲು ನಿಮ್ಮಮ್ಮ. ಸರಿ. ಎಲ್ಲಿದೆ ಬಾಗಿಲು, ತೋರ್ಸು? ಅವಳ ತಲೆ ನೆಟ್ಟಗಿಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲೇ."

"ಹೇಳ್ತಿದ್ದೆ ಮಾವ."

ಡಾಕ್ಟರಿಗೆ ಹೇಳಿದ್ದಳು, ಪಕ್ಕದ ಮನೆಯವರಿಗೆ ಹೇಳಿದ್ದಳು. ಇಲ್ಲಿ ಏನೂ ಇಲ್ಲವೆಂಬುದನ್ನು ಒಮ್ಮೆ ಕಣ್ಣಾರೆ ಕಂಡು ಹೋಗಬೇಕಾಗಿತ್ತು ಅವಳಿಗೆ. ಏನೂ ಇಲ್ಲದಿದ್ದರೆ, ಅಮ್ಮನ ಕೋಣೆಗೆ ಬೀಗ ಹಾಕಿದ್ದು ಸರಿ.

ಹೆಗಲು ಕೊಡಲು ಬಂದ ನಾಲ್ವರೂ, ಅವರ ಹಿಂದೆ ನೆರೆದಿದ್ದವರೂ ಅಮ್ಮನ ಕಾಲದ ಹಳೆಯ ವಿದ್ಯಾರ್ಥಿಗಳು. ನಾಲ್ವರಲ್ಲೊಬ್ಬನಾದ ಔಷಧಿ ಅಂಗಡಿಯವನು ಕನ್ನಡಕ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ನಾವು ಶ್ ಮೇಡಂ ಅಂತಿದ್ವಿ ಕಣಮ್ಮ. ಬೈತಾನೇ ಇರ್ಲಿಲ್ಲ. ಬರೀ ಶ್. ನಮ್ಮ ಜೀವ ಬಾಯಿಗೆ ಬರೋದು."

"ಇವನು ಈಗ್ಲೂ ಹೆಂಡತಿ ಶ್ ಅಂದ್ರೆ ಎದ್ದು ನಿಲ್ತಾನೆ," ಎಂದಳು ಪಕ್ಕದಲ್ಲಿದ್ದ ವಕೀಲೆ. ನಕ್ಕವಳು ಪೆಟ್ಟಿಗೆ ನೋಡಿ ದನಿ ತಗ್ಗಿಸಿದಳು. "ಲೈಬ್ರರಿ ಬಾಗಿಲು ತಗ್ಗು, ಮೇಲೆ ಸುಣ್ಣ ಬಳಿದ ಕಲ್ಲು. ಬಗ್ಗದೆ ನುಗ್ಗಿದ್ರೆ ಟಪ್ ಅಂತ ಹೊಡೆದು ಹಣೆ ತುಂಬ ಸುಣ್ಣ. ಬರೀ ಫೀಸ್ ಕಟ್ಟಿದ್ರೆ ಸಾಲ್ದು, ಆ ಮುದ್ರೆ ಬಿದ್ಮೇಲೇ ಅಡ್ಮಿಷನ್ ಅಂತ ನಮ್ಮ ಲೆಕ್ಕ. ಮೇಡಂ ಒರೆಸ್ಕೊಳ್ಳೋಕೂ ಬಿಡ್ತಿರ್ಲಿಲ್ಲ. ಇರ್ಲಿ ಇಡೀ ದಿನ, ನಾಳೆಯಿಂದ ಬಗ್ತೀರ ಅನ್ನೋರು. ನಿಂಗೂ ಬಿದ್ದಿರ್ಬೇಕಲ್ಲ?"

"ನಾನು ಬೇರೆ ಕಾಲೇಜಲ್ಲಿ ಓದಿದ್ದು," ಎಂದಳು ಮಗಳು. ಸುಣ್ಣ ಎಂಬ ಮಾತು ಅವಳ ಕಿವಿಯಲ್ಲೇ ನಿಂತುಬಿಟ್ಟಿತ್ತು.

* * *

ನಿವೃತ್ತಳಾಗಿ, ಹೊಸ ಕಟ್ಟಡ ಎದ್ದ ಮೇಲೂ ಅಮ್ಮ ದಿನಾ ಬೆಳಿಗ್ಗೆ ಸೀರೆ ನೆರಿಗೆ ಸರಿಮಾಡಿಕೊಂಡು ಲೈಬ್ರರಿಗೆಂದು ಹೊರಡುತ್ತಿದ್ದಳು. ಸಂಜೆ ಮರಳಿದಾಗ ಹಣೆಯ ಮೇಲೆ ಬೆಳ್ಳನೆಯ ಗುರುತು.

"ಎಲ್ಲಿ ಹೊಡೆಸ್ಕೊಂಡೆ?"

"ಬಾಗಿಲಿಗೆ. ಬೆನ್ನು ಬಗ್ಗಲ್ಲ ಕಣೇ ಈಗ. ನಂಗೆ ವಯಸ್ಸಾಯ್ತು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?"

"ಅಮ್ಮಾ, ಆ ಬಾಗಿಲು ಒಡೆದು ಹಾಕಿದಾರೆ."

"ಒಡೆದ ಬಾಗಿಲು ಸುಣ್ಣ ಹೇಗೆ ಹಚ್ಚುತ್ತೆ, ಹೇಳು," ಎಂದು ಅಮ್ಮ ನಗುತ್ತಿದ್ದಳು.

ಎಲ್ಲೋ ಕಟ್ಟಡ ಕಟ್ಟುವಲ್ಲಿ ಬೀಳುತ್ತಿದ್ದಾಳೆಂದು ಮಗಳಿಗೆ ದಿಗಿಲಾಯಿತು. ಡಾಕ್ಟರು ಮಾತ್ರೆ ಬರೆದರು. ಮಾತ್ರೆಗೂ ಅಮ್ಮ ಜಗ್ಗಲಿಲ್ಲ. ಕಡೆಗೊಂದು ದಿನ ಕೆಲಸಕ್ಕೆ ಹೊರಡುವಾಗ ಮಗಳು ಕೋಣೆಗೆ ಬೀಗ ಹಾಕಿದಳು.

"ತೆಗಿಯೇ, ಮಕ್ಕಳು ಕಾಯ್ತಿರ್ತಾರೆ," ಒಳಗಿನಿಂದ ದನಿ ಬರುತ್ತಿತ್ತು. ಕೆಲವು ವಾರ ಅಮ್ಮ ಬಾಗಿಲು ತಟ್ಟಿದಳು. ಆಮೇಲೆ ತಟ್ಟುವುದನ್ನು ಬಿಟ್ಟಳು. ಸಂಜೆ ಬೀಗ ತೆಗೆದಾಗ ಬಾಗಿಲಿನ ಆಚೆಗೆ ಸುಮ್ಮನೆ ನಿಂತಿರುತ್ತಿದ್ದಳು, ಬಗ್ಗದ ಬೆನ್ನನ್ನು ಬಗ್ಗಿಸಲು ನೋಡುತ್ತ.

ಈ ಬೆಳಿಗ್ಗೆ ಹೊರಡುವಾಗಲೂ ಮಗಳ ಕೈ ಅಭ್ಯಾಸಬಲದಿಂದ ಆ ಖಾಲಿ ಕೋಣೆಗೆ ಬೀಗ ಹಾಕಿತ್ತು. ಬೀಗದಕೈ ಇನ್ನೂ ಮುಷ್ಟಿಯಲ್ಲೇ ಇತ್ತು.

* * *

ಪೆಟ್ಟಿಗೆ ಹೆಗಲೇರಿ ಒಳಗೆ ಬಂದಿತು. ಬೆಂಚಿನ ಮೇಲಿದ್ದ ಹುಡುಗ ಹುಡುಗಿಯರು ಎದ್ದು ನಿಂತರು. ನಾಲ್ವರ ಹೆಜ್ಜೆ ಹೊಳೆಯುವ ನೆಲದ ಮೇಲೆ ಸಪ್ಪಳವಿಲ್ಲದೆ ಸಾಗುತ್ತಿತ್ತು. ನಡುವೆ ಒಂದು ಕಡೆ, ಕಂಬವಿಲ್ಲದ, ಗೋಡೆಯಿಲ್ಲದ, ಬರೀ ಬೆಳಕು ಬಿದ್ದ ಜಾಗದಲ್ಲಿ, ಔಷಧಿ ಅಂಗಡಿಯವನು ಮೆಲ್ಲಗೆ, "ಬಗ್ಗಿ," ಎಂದ.

ನಾಲ್ವರ ಮೊಣಕಾಲೂ ಒಟ್ಟಿಗೆ ಮಡಿಸಿಕೊಂಡವು. ಪೆಟ್ಟಿಗೆ ತಗ್ಗಿತು, ಮುಂದೆ ಸರಿಯಿತು, ಮತ್ತೆ ಮೇಲೆದ್ದಿತು. ಹಿಂದೆ ಬರುತ್ತಿದ್ದ ನರೆತ ತಲೆಗಳು ಒಂದೊಂದಾಗಿ ಅಲ್ಲೇ ಬಾಗಿ ಅಲ್ಲೇ ಎದ್ದವು.

ಕಾಫಿ ಯಂತ್ರದ ಬಳಿ ಹುಡುಗಿಯೊಬ್ಬಳು ಕಿಸಕ್ಕೆಂದಳು.

"ಶ್."

ಅವಳು ಬಾಯಿ ಮುಚ್ಚಿಕೊಂಡು ಸುತ್ತ ನೋಡಿದಳು. ಯಂತ್ರದ ಹಬೆ ಇರಬೇಕೆಂದು ಎಲ್ಲರೂ ಅತ್ತ ತಿರುಗಿದರು. ಯಂತ್ರ ಆಫ್ ಆಗಿತ್ತು.

ಮಾವ ಆ ಜಾಗವನ್ನು ಬಳಸಿಕೊಂಡು ಹೋದ. ಮಗಳು ಬಳಸಲಿಲ್ಲ, ಬಗ್ಗಲೂ ಇಲ್ಲ. ಬೇಕೆಂದೇ ತಲೆ ನೆಟ್ಟಗೆ ಮಾಡಿ ಅದರ ನಡುವಿನಿಂದಲೇ ನಡೆದಳು. ಏನೂ ತಗಲಲಿಲ್ಲ. ಗಾಳಿ ಒಂದಿಷ್ಟು ತಣ್ಣಗಿತ್ತು, ಹಳೆಯ ಪುಸ್ತಕದ ವಾಸನೆ ಇದ್ದಹಾಗಿತ್ತು, ಅಷ್ಟೆ. ಅವಳು ಉಸಿರು ಬಿಟ್ಟಳು. ತಿಂಗಳುಗಳಿಂದ ಹಿಡಿದಿಟ್ಟ ಉಸಿರು.

ಪೆಟ್ಟಿಗೆಯನ್ನು ಮತ್ತೆ ಏರಿಸಿಕೊಂಡು ವ್ಯಾನ್ ಸ್ಮಶಾನದ ಕಡೆಗೆ ಹೊರಟಿತು. "ನೋಡಿದ್ಯಾ? ಏನೂ ಇಲ್ಲ," ಎನ್ನುತ್ತ ತಿರುಗಿದ ಮಾವನ ಮಾತು ಅರ್ಧಕ್ಕೇ ನಿಂತಿತು. "ಹಣೆ ಮೇಲೆ ಏನೇ ಅದು, ಬೆಳ್ಳಗೆ?"

ಅವನು ಕರವಸ್ತ್ರ ಚಾಚಿದ. ಎದುರು ಸೀಟಿನ ವಕೀಲೆ ಅವನ ಕೈ ತಡೆದಳು.

"ಬೇಡಿ. ಇಡೀ ದಿನ ಇರ್ಬೇಕು ಅದು."

ಮಗಳು ನಿಧಾನವಾಗಿ ಮುಷ್ಟಿ ಬಿಚ್ಚಿದಳು. ಹಸಿ ಸುಣ್ಣದ ಒಂದು ಹನಿ ಅವಳ ಮೂಗಿನ ಪಕ್ಕದಿಂದ ಇಳಿದು, ಅಂಗೈಯಲ್ಲಿದ್ದ ಬೀಗದಕೈ ಮೇಲೆ ಬಿತ್ತು.