ಉಜ್ಜಿ ತೆಗೆದ ನೀಲಿ

ಬೆಳಗ್ಗೆ ಬೆಸೆದ ಮಾದರಿ ತುಂಡು ಎಳೆಯುವ ಯಂತ್ರದಲ್ಲಿ ಹರಿದುಹೋಯಿತು. ಬೆಸುಗೆಯಲ್ಲಲ್ಲ, ಅದರಿಂದ ಬೆರಳಗಲ ಆಚೆ, ಮೂಲ ಲೋಹದಲ್ಲಿ. ಅಂದರೆ ಬೆಸುಗೆ ಲೋಹಕ್ಕಿಂತ ಗಟ್ಟಿ. ಪರೀಕ್ಷೆ ಮಾಡುವ ಹುಡುಗಿಗೆ ಒಳಗೊಳಗೇ ಹೆಮ್ಮೆ. ಬೆಸೆದವನು ಅವಳ ಸೋದರಮಾವ.

ಆ ಹೆಮ್ಮೆಗೆ ಮಧ್ಯಾಹ್ನದವರೆಗೂ ಆಯಸ್ಸಿರಲಿಲ್ಲ. ಸೊಂಟದ ಕೀಲಿಗೆ ಕೂರಿಸಲು ಮಾವನೇ ಬೆಸೆದ ಆರು ಟೈಟಾನಿಯಂ ದಂಡಗಳು ಅವಳ ಸಹಿಗಾಗಿ ಮೇಜಿಗೆ ಬಂದವು. ಲೇಸರ್ ಬೆಸುಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಹೊಳಪು ತುಸು ಅತಿಯಾಯಿತಲ್ಲ ಅನಿಸಿ ಭೂತಗನ್ನಡಿ ಹಿಡಿದಳು. ಮೇಲೆಲ್ಲ ತಂತಿ ಬ್ರಶ್ಶಿನ ಗೀರು. ಬ್ರಶ್ಶು ತಲುಪದ ಸಂದಿಯಲ್ಲಿ ಉಗುರಿನಷ್ಟು ನೀಲಿ.

ಆ ನೀಲಿಯ ಅರ್ಥ ಅವಳಿಗೆ ಕಲಿಸಿದ್ದೇ ಮಾವ. ಕಾದ ಟೈಟಾನಿಯಂಗೆ ಗಾಳಿ ತಾಗಿದರೆ ನೀಲಿಯಾಗುತ್ತದೆ, ಪೆಡಸಾಗಿ ಸುಲಭವಾಗಿ ಮುರಿಯುತ್ತದೆ. ಅದಕ್ಕೇ ಬೆಸೆಯುವಾಗ ಆರ್ಗಾನ್ ಅನಿಲದ ಹೊದಿಕೆ ಬೇಕು. ಹೊದಿಕೆ ಸಾಲದೇ ಹೋದರೆ ಬಣ್ಣವೇ ಚಾಡಿ ಹೇಳಿಬಿಡುತ್ತದೆ. ಆ ಬಣ್ಣವನ್ನೇ ಉಜ್ಜಿ ತೆಗೆದಿದ್ದ ಮಹಾರಾಯ!

ಮಾವನನ್ನು ಕರೆಸಿದಳು.

"ಸಿಲಿಂಡರ್ ಖಾಲಿಯಾಗ್ತಾ ಬಂದಿತ್ತು ಕಣಮ್ಮಾ. ಇದ್ದದ್ದರಲ್ಲೇ ಸುಧಾರಿಸಿದೆ. ನಿನ್ನ ಮಾದರಿ ತುಂಡು ಪಾಸಾಯ್ತಲ್ಲ?"

"ಅದನ್ನ ಬೆಸೆದಾಗ ಸಿಲಿಂಡರ್ ತುಂಬಿತ್ತು ಮಾವ!"

"ಏನೋ ಹೊಸಬಳ ಹಾಗೆ ಆಡ್ತೀಯಲ್ಲ. ನನ್ನ ಕೈ ಮೇಲೆ ನಂಬಿಕೆ ಇಲ್ವಾ?"

ನಂಬಿಕೆ ಇದ್ದದ್ದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು. ಒಂದು ದಂಡವನ್ನು ಬಗ್ಗಿಸುವ ಯಂತ್ರಕ್ಕೆ ಕೊಟ್ಟಳು. ತಡೆಯಬೇಕಾದ ಭಾರದ ಅರ್ಧಕ್ಕೇ ಅದು ಒಣಕಡ್ಡಿಯಂತೆ, ಬೆಸುಗೆಯಲ್ಲೇ, ಲಟಕ್ಕೆಂದಿತು.

"ಅದೊಂದು ಹಾಳಾಗಿರಬಹುದು," ಎಂದ ಮಾವ, ಮುಖ ಕೊಡದೆ. "ಮಿಕ್ಕ ಐದು ಚೆನ್ನಾಗಿವೆ. ಸುಮ್ನೆ ಸಹಿ ಹಾಕು."

"ಹಾಕ್ತೀನಿ. ಮುಂದಿನ ತಿಂಗಳು ಅಮ್ಮನ ಸೊಂಟಕ್ಕೂ ಇಂಥದ್ದೇ ಕೂರಿಸ್ತಾರಲ್ಲ, ನಿಮ್ಮ ಒಡಹುಟ್ಟಿದ ಅಕ್ಕಂಗೆ. ಈ ಐದರಲ್ಲಿ ಅವಳಿಗೊಂದು ಆರಿಸಿಕೊಡಿ. ಈಗಲೇ ಹಾಕ್ತೀನಿ."

ಮಾವ ಒಂದನ್ನೆತ್ತಿ ತಿರುಗಿಸಿ ನೋಡಿ ಇಟ್ಟ. ಇನ್ನೊಂದನ್ನೆತ್ತಿದ, ಇಟ್ಟ. ಐದನೆಯದನ್ನೂ ಇಟ್ಟಮೇಲೆ ಹಣೆಯ ಬೆವರು ಒರೆಸಿಕೊಂಡ. ಅವಳು ಕಾದಳು. ತಪ್ಪಾಯ್ತು ಅನ್ನುವ ಒಂದೇ ಒಂದು ಮಾತು ಬಂದಿದ್ದರೂ ಅವಳ ಸಿಟ್ಟು ಅಲ್ಲೇ ಇಳಿದುಬಿಡುತ್ತಿತ್ತು.

"ಅಕ್ಕಂಗೆ ನಾನೇ ನಿಂತು ಬೇರೆ ಮಾಡಿಕೊಡ್ತೀನಿ ಬಿಡು," ಎಂದ ಮಾವ.

ಅವಳು ಎರಡನೆಯ ದಂಡವನ್ನು ಯಂತ್ರಕ್ಕೆ ಕೊಟ್ಟಳು.